ಮಾರಿಕಣಿವೆ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ?

ಸ್ಕಾಟ್ಲೆಂಡಿನಲ್ಲಿ ನನ್ನ ಮಗಳ ಶಾಲೆಯವರು ಮಕ್ಕಳ ಕೈಗೆ ನಕ್ಷೆ ಕೊಟ್ಟು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಾರೆ. ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ನಕ್ಷೆ ಸಂಸ್ಥೆಯ 1:25,000 ನಕ್ಷೆ ಅದು. ನೆಲದ 250 ಮೀಟರ್ ಕಾಗದದಲ್ಲಿ 1 ಸೆಂಟಿಮೀಟರ್. ಹೊಲದ ಬೇಲಿಗಳೂ ಅದರಲ್ಲಿ ಕಾಣುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಅದರಲ್ಲಿರುವ ಕಂದು ಗೆರೆಗಳು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು. ಇಲ್ಲಿನ ಶಿಹಾಲಿಯನ್ ಎಂಬ ಬೆಟ್ಟಕ್ಕೂ ಇವಕ್ಕೂ ಹಳೇ ನಂಟು. ಬೆಟ್ಟವೊಂದು ದಾರಕ್ಕೆ ತೂಗುಬಿಟ್ಟ ತೂಕದ ಗುಂಡನ್ನು ತನ್ನ ಕಡೆಗೆ ಎಷ್ಟು ಎಳೆಯುತ್ತದೆ ಅಂತ 1774ರಲ್ಲಿ ಖಗೋಳ ವಿಜ್ಞಾನಿ ನೆವಿಲ್ ಮ್ಯಾಸ್ಕಲಿನ್ ಇಲ್ಲಿ ಅಳೆದರು. ಅದರಿಂದ ಭೂಮಿಯ ಸಾಂದ್ರತೆಯ ಲೆಕ್ಕ ತೆಗೆದವರು ಗಣಿತಜ್ಞ ಚಾರ್ಲ್ಸ್ ಹಟನ್. ಅದಕ್ಕೆ ಬೆಟ್ಟದ ಆಕಾರ ಗೊತ್ತಾಗಬೇಕಿತ್ತು. ಅವರ ಮುಂದೆ ಇದ್ದದ್ದು ಬರೀ ಎತ್ತರದ ಅಂಕಿಗಳ ರಾಶಿ. ಒಂದೇ ಎತ್ತರದ ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದರು, ಬೆಟ್ಟ ಕಾಗದದ ಮೇಲೆ ಎದ್ದು ಬಂತು. ಇದರಲ್ಲಿ ಭೂಗೋಳ ಯಾವುದು, ವಿಜ್ಞಾನ ಯಾವುದು ಅಂತ ಹೇಗೆ ಬೇರೆ ಮಾಡೋದು?

ರಜೆಗೆ ದುರ್ಗಕ್ಕೆ ಬಂದಾಗ ಅಕ್ಕನ ಮಗನಿಗೆ ಇದನ್ನು ತೋರಿಸಿದೆ. ಹಿತ್ತಲಲ್ಲಿ ಒಂದು ಬೋಗುಣಿ, ಅದರೊಳಗೆ ಒರಟು ಕಲ್ಲು. ಒಂದು ಬೆರಳು ದಪ್ಪ ನೀರು ಹಾಕಿ, ನೀರಿನ ಅಂಚಿಗೆ ಸರಿಯಾಗಿ ಕಲ್ಲಿನ ಸುತ್ತ ಕ್ರೇಯಾನ್‌ನಲ್ಲಿ ಗೆರೆ ಎಳೆದೆವು. ಇನ್ನೊಂದು ಬೆರಳು ನೀರು, ಇನ್ನೊಂದು ಗೆರೆ. ಕಲ್ಲು ಮುಳುಗುವವರೆಗೂ ಹೀಗೇ. ನೀರು ಚೆಲ್ಲಿ ಮೇಲಿಂದ ಬಗ್ಗಿ ನೋಡಿದ. "ಮಾಮಾ, ಏಳು ಸುತ್ತಿನ ಕೋಟೆ ತರಾನೇ ಇದೆ!" ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಕಲ್ಲು ಕಡಿದಾಗಿದೆ ಅಂತ ಬೆರಳಾಡಿಸಿ ಅವನೇ ಕಂಡುಕೊಂಡ.

ಆಮೇಲೆ ಕೇಳಿದೆ, ಹಿರಿಯೂರಿನ ಹತ್ತಿರದ ನಮ್ಮ ಮಾರಿಕಣಿವೆ ಅಣೆಕಟ್ಟಿನ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ?

"ಅರಬ್ಬಿ ಸಮುದ್ರ. ಅದೇ ಹತ್ತಿರ ಅಲ್ವಾ?"

ನಕ್ಷೆ ಹರಡಿ ವೇದಾವತಿಯ ಮೇಲೆ ಬೆರಳಿಟ್ಟುಕೊಂಡು ಹೊರಟೆವು. ಚಿಕ್ಕಮಗಳೂರಿನ ಬೆಟ್ಟಗಳಿಂದ ಹಿರಿಯೂರಿಗೆ, ಮುಂದೆ ಹಗರಿ ಎಂಬ ಹೆಸರಲ್ಲಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಘಟ್ಟದ ಈಚೆ ನೆಲ ಪೂರ್ವಕ್ಕೆ ವಾಲಿದೆ. ಅದೇ ಘಟ್ಟ ಮುಂಗಾರಿನ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ಆ ಕಡೆಯೇ ಮಳೆ ಸುರಿಸಿಬಿಡುತ್ತದೆ. ನಮ್ಮ ಪಾಲಿಗೆ ಮಳೆ ನೆರಳು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಯಾಕೆ ಅಂತ ಕೇಳಿದರೆ ಈಗ ಹುಡುಗ ನಕ್ಷೆ ತೋರಿಸಿ ಹೇಳುತ್ತಾನೆ. ಸ್ಕಾಟ್ಲೆಂಡಿನಲ್ಲೂ ಇದೇ ಲೆಕ್ಕ. ಪಶ್ಚಿಮದ ಬೆಟ್ಟಗಳಿಗೆ ಮಳೆ ಜಾಸ್ತಿ, ನಾವಿರುವ ಪೂರ್ವಕ್ಕೆ ಕಡಿಮೆ.

ನಮ್ಮಲ್ಲಿ ನಕ್ಷೆ ಅಂದರೆ ಪರೀಕ್ಷೆಯಲ್ಲಿ ನದಿ ಗುರುತಿಸಿ ಅಂಕ ತಗೊಳ್ಳೋದು ಅಷ್ಟೇ ಆಗಿಬಿಟ್ಟಿದೆ. ನನಗೆ ಇದು ನಿಜವಾಗಿ ಬೇಸರ ತರುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳಲ್ಲಿ ಕಾಂಟೂರ್ ಗೆರೆಗಳೂ ಇವೆ, ಕೆರೆ, ಹಳ್ಳಗಳೂ ಇವೆ. ನಿಮ್ಮ ತಾಲ್ಲೂಕಿನದನ್ನು ತರಿಸಿ ಮಕ್ಕಳ ಮುಂದೆ ಹರಡಿ. ಮೊದಲು ಅವರ ಊರು ಹುಡುಕಲಿ. ಆಮೇಲೆ, ಮನೆ ಮುಂದೆ ಬಿದ್ದ ಮಳೆ ಯಾವ ಕೆರೆ ಸೇರುತ್ತದೆ ಅಂತ ಕೇಳಿ ನೋಡಿ.