ಅಂಗಳದ ಮಳೆತೋಟ: ಜುಲೈವರೆಗೆ ಆದದ್ದು

ಮಂಗಳೂರಿನ ಕುಲಶೇಖರದ ಏರಿನಲ್ಲಿ ನಮ್ಮ ಮನೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮೇಲೆ ಮಾಡಿನ (ಛಾವಣಿಯ) ನೀರು ಒಂದು ತೊಟ್ಟೂ ಇಂಗದೆ ಗೇಟು ದಾಟಿ ಕೆಳಗಿನ ಮನೆಯ ಅಕ್ಕನ ಜಗಲಿವರೆಗೆ ಹೋಗುತ್ತಿತ್ತು. ಪೈಪು ಹಾಕಿ ತೋಡಿಗೆ ಬಿಡಿ ಅಂದವರೇ ಹೆಚ್ಚು. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರಿಗೆ ಕಾಯುವ ಊರು ನಮ್ಮದು, ಬಿದ್ದ ನೀರನ್ನು ಸಮುದ್ರಕ್ಕೆ ಅಟ್ಟಲು ಮನಸ್ಸಾಗಲಿಲ್ಲ.

ಹಾಗಾಗಿ ಮಳೆತೋಟ ಮಾಡುವುದೆಂದಾಯಿತು, ಅಂದರೆ ಮಾಡಿನ ನೀರು ನಿಂತು ಇಂಗಲು ಗಿಡ ನೆಟ್ಟ ತಗ್ಗು. ಏಪ್ರಿಲ್‌ನಲ್ಲಿ ಅದಕ್ಕೆ ಜಾಗ ಹುಡುಕಿದ್ದು. ಹಿಂಬದಿಯ ಬರೆಯ (ಗುಡ್ಡ ಕಡಿದ ಕಡಿದಾದ ಬದಿಯ) ಹತ್ತಿರ ಖಾಲಿ ಜಾಗ ಬೇಕಾದಷ್ಟು ಉಂಟು, ಆದರೆ ಅಲ್ಲಿ ಮುರಕಲ್ಲಿನ (ಕೆಂಪು ಕಲ್ಲಿನ) ಅಡಿಗೆ ಶೇಡಿ ಮಣ್ಣು. ಅದು ನೀರು ಕುಡಿದರೆ ಮೆತ್ತಗಾಗಿ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಪಡೀಲ್–ಕುಲಶೇಖರ ನಡುವೆ ರೈಲು ಹಳಿಯ ಮೇಲೆ ಗುಡ್ಡ ಜರಿದದ್ದನ್ನು ಇಲ್ಲಿಯವರು ಮರೆತಿಲ್ಲ. ಬರೆಯ ತಲೆಯ ಮೇಲೆ ನೀರು ಇಂಗಿಸುವ ಮಾತೇ ಬೇಡ. ಎದುರಿನ ಮೂಲೆ, ಗೋಡೆಯಿಂದ ಹತ್ತಡಿ ದೂರ, ಸರಿಯೆನಿಸಿತು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ ನೋಡಿದೆ. ಸಂಜೆಯೊಳಗೆ ಪೂರ್ತಿ ಇಂಗಿತು. ಗರಸು ಮಣ್ಣು.

ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮೊದಲೇ ಅಗೆತ ಮುಗಿಯಿತು. ಪಿಕ್ಕಾಸಿಗೂ ಬಗ್ಗದ ಕಲ್ಲು ಒಂದಿತ್ತು, ಅದನ್ನು ಹಾಗೇ ಬಿಟ್ಟಿದ್ದೇನೆ.

ಈಗ ಲೆಕ್ಕ. ಒಂದು ಚದರ ಮೀಟರ್ ಮಾಡಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಮ್ಮ ಅರ್ಧ ಮಾಡು, ಅಂದರೆ 50 ಚದರ ಮೀಟರ್, ಈ ತೋಟಕ್ಕೆ ಇಳಿಯುತ್ತದೆ. 100 ಮಿ.ಮೀ. ಸುರಿದ ದಿನ 5,000 ಲೀಟರ್. ತೋಟ 12 ಚದರ ಮೀಟರ್, ಆಳ 15 ಸೆಂ.ಮೀ.; ಒಮ್ಮೆಗೆ ಹಿಡಿಯುವುದು 1,800 ಲೀಟರ್. ಈ ಪದ್ಧತಿ ಶುರುವಾದದ್ದು 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಅಲ್ಲಿ ವರ್ಷಕ್ಕೆ ಬೀಳುವಷ್ಟು ಮಳೆ ನಮಗೆ ಜುಲೈ ಒಂದರಲ್ಲೇ ಹೆಚ್ಚುಕಡಿಮೆ ಬಂದುಬಿಡುತ್ತದೆ. ಹಾಗಾಗಿ ಅಲ್ಲಿಯ ಅಳತೆ ಹಿಡಿದು ಹೊಂಡ ದೊಡ್ಡದು ಮಾಡುತ್ತಾ ಹೋದರೆ ಅಂಗಳವೇ ಉಳಿಯುವುದಿಲ್ಲ. ನಮ್ಮ ಕಡೆ ಹೊಂಡಕ್ಕಿಂತ ಮುಖ್ಯ ಹೆಚ್ಚಾದ ನೀರು ಹೊರಬೀಳುವ ದಾರಿ.

ಹೆಚ್ಚು ಹೊತ್ತು ತೆಗೆದುಕೊಂಡದ್ದೂ ಅದೇ. ತಗ್ಗಿನ ಬದಿಯ ಬದುವಿನಲ್ಲಿ ಎರಡು ಮುರಕಲ್ಲು ಮಲಗಿಸಿ, ಬದುವಿಗಿಂತ ಎರಡು ಇಂಚು ಕೆಳಗಿರುವಂತೆ ಮಟ್ಟ ಮಾಡಿದೆ. ಕಲ್ಲಿನ ಆಚೆ ಜಲ್ಲಿ, ಅಲ್ಲಿಂದ ಸಣ್ಣ ಕಣಿ ರಸ್ತೆಯ ಚರಂಡಿಗೆ. ಪೈಪಿನ ನೀರು ಬೀಳುವಲ್ಲೂ ಜಲ್ಲಿ ಹಾಕದಿದ್ದರೆ ಮಣ್ಣು ಕೊರೆದುಹೋಗುತ್ತದೆ. ಜೂನ್‌ನ ಜಡಿಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ: ಕೆಂಪು ನೀರು ಏರುತ್ತಾ ಬಂದು ಕಲ್ಲಿನ ಅಂಚನ್ನು ಮುಟ್ಟಿ, ತೆಳ್ಳಗೆ ಹರಡಿ ಆಚೆ ಇಳಿಯಿತು. ಬದು ಅಲುಗಲಿಲ್ಲ. ಕಣಿಗೆ ಹೋದ ನೀರು ಒಳಗೆ ಬಂದದ್ದಕ್ಕಿಂತ ತಿಳಿಯಾಗಿತ್ತು.

ತಳಕ್ಕೆ ಬಜೆ ಮತ್ತು ಕೆಸು, ಇಳಿಜಾರಿಗೆ ಲಾವಂಚ, ನೆಲ ಮುಚ್ಚಲು ತಿಮರೆ (ಒಂದೆಲಗ), ಒಣ ಅಂಚಿಗೆ ಕೇಪುಳ. ನರ್ಸರಿಯ ಬಣ್ಣದ ಗಿಡ ಬೇಡ. ಆರು ತಿಂಗಳು ನೀರು, ಆರು ತಿಂಗಳು ಬಿಸಿಲು ತಡೆಯುವವು ಬೇಕು. ಬಜೆ ಬೇಸಿಗೆಯಲ್ಲಿ ಒಣಗಿದರೂ ಗೆಡ್ಡೆಯಿಂದ ಚಿಗುರುತ್ತದೆ.

“ಸೊಳ್ಳೆ ಸಾಕುವ ಪ್ಲಾನಾ ಮಾರಾಯ್ರೆ?” ಎಂದರು ಕೆಳಗಿನ ಮನೆಯ ಅಕ್ಕ. ಮಲೇರಿಯಾ ಕಂಡ ಊರಲ್ಲಿ ನ್ಯಾಯವಾದ ಪ್ರಶ್ನೆಯೇ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ವಾರ ಬೇಕು. ಇಲ್ಲಿ ಮಳೆ ಬಿಟ್ಟ ಮಾರನೆ ದಿನಕ್ಕೆ ನೀರಿರುವುದಿಲ್ಲ. ಬಿಡದೆ ಸುರಿಯುವ ವಾರದಲ್ಲಿ ಮಾತ್ರ ನಾನೂ ಬಗ್ಗಿ ನೋಡುತ್ತಿರುತ್ತೇನೆ.

ಆಟಿ ತಿಂಗಳು (ಆಗಸ್ಟ್ ನಡುವಿನವರೆಗೆ) ಕಳೆದ ಮೇಲೆ ಇನ್ನರ್ಧ ಮಾಡಿನ ಪೈಪನ್ನೂ ತಿರುಗಿಸಬೇಕು. ಅದಕ್ಕೆ ಇಂಟರ್‌ಲಾಕಿನ ಎರಡು ಸಾಲು ಕೀಳಬೇಕು. ಅಪ್ಪ ಇನ್ನೂ ಒಪ್ಪಿಲ್ಲ.