ಯಜ್ದ್‌ನ ಗಾಳಿಗೋಪುರದ ಕೆಳಗೆ

ಇರಾನಿನ ಯಜ್ದ್ ತಲುಪಿದಾಗ ಜುಲೈ ತಿಂಗಳ ಮಟಮಟ ಮಧ್ಯಾಹ್ನ. ಕಣ್ಣು ಬಿಡಲಾಗದಷ್ಟು ಬಿಸಿಲು. ಹಳೇ ಊರಿನ ಓಣಿಗೆ ಕಾಲಿಟ್ಟಾಗಲೇ ಸ್ವಲ್ಪ ಜೀವ ಬಂತು. ಕಿರಿದಾದ ಓಣಿ, ಎರಡೂ ಕಡೆ ಎತ್ತರದ ಮಣ್ಣಿನ ಗೋಡೆ, ನಡುವೆ ನೆರಳು. ತಲೆ ಎತ್ತಿದರೆ ಎಲ್ಲೆಲ್ಲೂ ಗಾಳಿಗೋಪುರಗಳು. ಅಲ್ಲಿನವರು ಅವನ್ನು ಬಾದ್‌ಗೀರ್ ಅನ್ನುತ್ತಾರೆ. ಗಾಳಿ ಹಿಡಿಯುವುದು ಅಂತ ಅರ್ಥ.

ನಾನು ಬಂದಿದ್ದೇ ದೌಲತಾಬಾದ್ ತೋಟದ ಗೋಪುರ ನೋಡಲು. 18ನೇ ಶತಮಾನದ್ದು, ಎಂಟು ಮುಖದ್ದು, ಸುಮಾರು 33 ಮೀಟರ್ ಎತ್ತರ. ಹೊರಗಿಂದ ದೊಡ್ಡ ಚಿಮಣಿಯ ಹಾಗೆ ಕಾಣುತ್ತದೆ. ಬುಡದಲ್ಲಿ ನಿಂತು ಮೇಲೆ ನೋಡಿದಾಗ ಅದರ ಗುಟ್ಟು ತಿಳಿಯಿತು. ಒಳಗಿರುವುದು ಒಂದೇ ಕೊಳವೆ ಅಲ್ಲ. ಅಡ್ಡಗೋಡೆಗಳನ್ನು ಎಬ್ಬಿಸಿ ಹಲವು ಪಾಲು ಮಾಡಿದ್ದಾರೆ. ತಲೆಗೆ ಸುತ್ತಿದ್ದ ದುಪಟ್ಟಾದ ಅಂಚನ್ನು ಸುಮ್ನೆ ಮೇಲೆತ್ತಿ ಹಿಡಿದೆ. ಒಂದು ಕಡೆ ಅದನ್ನು ಗಾಳಿ ಕೆಳಕ್ಕೆ ಒತ್ತಿತು. ಎರಡು ಹೆಜ್ಜೆ ಆಚೆ ಮೇಲಕ್ಕೆ ಎಳೆಯಿತು! ಗಾಳಿ ಬಡಿಯುವ ಮುಖದಿಂದ ತಣ್ಣನೆಯದು ಇಳಿಯುತ್ತದೆ, ಅದರ ಬೆನ್ನಿನ ಕಡೆಯಿಂದ ಬಿಸಿಯದು ಹೊರಗೆ ಹೋಗುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಕೊಳವೆಗಳೂ ಕೆಲಸ ಅದಲುಬದಲು ಮಾಡಿಕೊಳ್ಳುತ್ತವೆ.

ಇಳಿದ ಗಾಳಿ ಕೆಳಗಿನ ಕಲ್ಲಿನ ಕೊಳದ ಮೇಲೆ ಹಾಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನೇ ಹೀರಿಕೊಳ್ಳುತ್ತದೆ. ತೋಟಕ್ಕೆ ನೀರು ಬರುತ್ತಿದ್ದದ್ದು ಕನಾತ್‌ನಿಂದ, ಅಂದರೆ ನೆಲದಡಿಯ ಸುರಂಗ ಕಾಲುವೆಯಿಂದ. ಪಂಪು ಬೇಡ, ಇಳಿಜಾರು ಸಾಕು. ಈ ಕೊಳದ ಉಪಾಯ ಮರುಭೂಮಿಯ ಒಣ ಗಾಳಿಗೆ ಮಾತ್ರ ಸರಿ. ಪರ್ಷಿಯನ್ ಕೊಲ್ಲಿಯ ದಡದ ಊರುಗಳಲ್ಲೂ ಗಾಳಿಗೋಪುರಗಳಿವೆ, ಆದರೆ ಅಲ್ಲಿ ಸೆಕೆ ಜಾಸ್ತಿ. ತೇವದ ಗಾಳಿಗೆ ಮತ್ತಷ್ಟು ನೀರು ಸೇರಿಸಿ ಏನು ಪ್ರಯೋಜನ, ಅಲ್ವಾ? ಅಲ್ಲಿ ಬೆವರು ಆರುವಷ್ಟು ಗಾಳಿ ಆಡಿದರೆ ಅದೇ ದೊಡ್ಡದು. ಗೋಪುರದ ಆಕಾರ ಮಾತ್ರ ನಕಲು ಮಾಡಿ ಎಲ್ಲೆಂದರಲ್ಲಿ ಕಟ್ಟುವವರು ಇದನ್ನು ನೋಡಬೇಕು ಅನ್ನಿಸಿತು.

ನಾವು ಉಳಿದದ್ದು ಹಳೇ ಅಂಗಳದ ಮನೆಯೊಂದರಲ್ಲಿ. ಬೇಸಿಗೆಯ ಕೋಣೆ ಅಂಗಳದ ದಕ್ಷಿಣ ಬದಿಗೆ, ಬಾಗಿಲು ಉತ್ತರಕ್ಕೆ. ಬಿಸಿಲು ಒಳಗೆ ಬರುವುದೇ ಕಡಿಮೆ. ಚಳಿಗಾಲದ ಕೋಣೆ ಎದುರು ಬದಿಗೆ. ಮನೆಯವರು ಕಾಲಕ್ಕೆ ತಕ್ಕಂತೆ ಕೋಣೆ ಬದಲಿಸುತ್ತಿದ್ದರಂತೆ. ಇಡೀ ಮನೆಯನ್ನು ತಂಪು ಮಾಡುವ ಬದಲು ಮನುಷ್ಯರೇ ತಂಪಿದ್ದ ಕಡೆ ಹೋಗುತ್ತಿದ್ದರು. ನನಗೆ ಗೋಪುರಕ್ಕಿಂತಲೂ ಇದೇ ಹೆಚ್ಚು ಹಿಡಿಸಿತು.

ರಾತ್ರಿ ಗಾಳಿ ಪೂರ್ತಿ ನಿಂತಿತ್ತು. ಇವತ್ತು ನಿದ್ದೆ ಬಂದ ಹಾಗೇ ಅಂದುಕೊಂಡೆ. ಮಾಳಿಗೆ ಹತ್ತಿ ಆ ಮನೆಯ ಗಾಳಿಗೋಪುರದ ಗೋಡೆ ಮುಟ್ಟಿದೆ, ಹಗಲಿನ ಬಿಸಿಲಿಗೆ ಕಾದದ್ದು ಇನ್ನೂ ಬೆಚ್ಚಗಿತ್ತು. ಆ ಬಿಸಿಗೇ ಒಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ, ಕೆಳಗೆ ಅದರ ಜಾಗಕ್ಕೆ ಅಂಗಳದ ತಣ್ಣನೆಯ ಗಾಳಿ ಬರುತ್ತದೆ. ಇಳಿದು ಬಂದು ಅಂಗಳದ ಬಾಗಿಲು ಪೂರ್ತಿ ತೆರೆದೆ. ಸ್ವಲ್ಪ ಹೊತ್ತಿಗೆ ಬಾಗಿಲ ಪರದೆ ನಿಧಾನವಾಗಿ ಒಳಕ್ಕೆ ಉಬ್ಬಿತು.