ಸೀತಾನದಿಯ ಬದಿಯಲ್ಲಿ ಕೆಂಡದ ಅಡುಗೆ

ಕೃಷ್ಣಮಠ, ಮಲ್ಪೆ ಕಡಲತೀರ, ಕಾಪುವಿನ ದೀಪಸ್ತಂಭ ಎಲ್ಲವನ್ನೂ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೇಳಬೇಕಾಗಿರುವುದು ಹೆಬ್ರಿಯ ಹತ್ತಿರ, ಸೀತಾನದಿಯ ಬದಿಯ ಅಡಿಕೆ ತೋಟವೊಂದರಲ್ಲಿ ಕಂಡ ಅಡುಗೆಯ ಪಾಠವನ್ನು.

ಉಡುಪಿಯಿಂದ ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಗೆ ಬಂದಾಗ ಗೆಳೆಯನ ತೋಟದಲ್ಲಿ ಪ್ರೌಢಶಾಲೆಯ ಮಕ್ಕಳ ರಜಾ ಶಿಬಿರ ನಡೆಯುತ್ತಿತ್ತು. ಅಡುಗೆ ಕಲಿಸುವವರು ಶಾಲೆಯ ಬಿಸಿಯೂಟದಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸು. ಮಕ್ಕಳಿಗೂ ದೊಡ್ಡವರಿಗೂ ಅವರು ಅಕ್ಕ.

ಬೆಂಕಿಪೊಟ್ಟಣ ಅಕ್ಕನ ಸೆರಗಿನ ಗಂಟಿನಲ್ಲಿತ್ತು. ಅದು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಮೊದಲು ಜಾಗ: ಕೊಯ್ಲಾದ ಗದ್ದೆಯ ಅಂಚು. ಬೈಹುಲ್ಲಿನ ಕುತ್ತರಿಯಿಂದ, ಒಣಗಿದ ಅಡಿಕೆ ಸೋಗೆಯಿಂದ ದೂರ, ಮೇಲೆ ಕೊಂಬೆ ಚಾಚಿರಬಾರದು. ಸುತ್ತ ಹತ್ತು ಅಡಿ ತರಗೆಲೆ ಗುಡಿಸಿ ಬರಿ ಮಣ್ಣು ಕಾಣಿಸಿದರು. ಎರಡು ಬಕೆಟ್ ನೀರು, ಒಂದು ಗುಡ್ಡೆ ಮರಳು ಪಕ್ಕಕ್ಕೆ ಬಂದವು. ಒಬ್ಬ ಹುಡುಗ ಹೊಳೆಯಿಂದ ನುಣುಪಾದ ಕಲ್ಲುಗಳನ್ನು ಹೊತ್ತು ತಂದ. ಒಳಗೆ ನೀರು ಹಿಡಿದ ಕಲ್ಲು ಕಾದರೆ ಸಿಡಿಯುತ್ತದೆ ಎಂದು ಅಕ್ಕ ಅವನ್ನು ವಾಪಸು ಕಳುಹಿಸಿ, ಒಣಗಿದ ಮುರಕಲ್ಲಿನ ಮೂರು ತುಂಡು ಇಡಿಸಿದರು. ಸೌದೆಯಲ್ಲೂ ಅಷ್ಟೇ ಕಟ್ಟುನಿಟ್ಟು. ಚೇರು ಮರದ ಸೊನೆ ತಗುಲಿದರೆ ಮೈ ಬೊಬ್ಬೆ ಏಳುತ್ತದೆ. ಕಾಸರಕ, ಕಣಗಿಲೆ ವಿಷ. ಗುರುತು ಸಿಗದ ಮರದ ಕಡ್ಡಿ ಒಲೆಗೂ ಬೇಡ, ತಿನ್ನುವುದನ್ನು ಚುಚ್ಚಲೂ ಬೇಡ. ತೆಂಗಿನ ಗೆರಟೆ, ಒಣ ಕೊತ್ತಳಿಗೆ ಧಾರಾಳವಾಗಿ ಇದ್ದವು.

ಇಷ್ಟು ಎಚ್ಚರ ನನ್ನ ಮನಸ್ಸಿಗೆ ತಟ್ಟಲು ಕಾರಣವಿದೆ. ಹಿಂದಿನ ರಾತ್ರಿ ನಾವು ತಂಗಿದ್ದ ಕಡಲ ಬದಿಯ ಹೋಮ್‌ಸ್ಟೇಯಲ್ಲಿ ಕ್ಯಾಂಪ್‌ಫೈರ್ ಎಂದು ಸೀಮೆಎಣ್ಣೆ ಸುರಿದು ಬೆಂಕಿ ಎಬ್ಬಿಸಿದರು, ಪ್ಲಾಸ್ಟಿಕ್ ಲೋಟಗಳನ್ನೂ ಅದಕ್ಕೇ ಎಸೆದರು. ಕಿಡಿ ಹಾರಿ ನನ್ನ ತಂಗಿಯ ಮಗಳ ನೈಲಾನ್ ಜಾಕೆಟ್ಟಿನ ತೋಳು ಕರಗಿತು. ಚರ್ಮಕ್ಕೆ ತಾಗಲಿಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮಕ್ಕಳನ್ನು ಬೆಂಕಿಯ ಬಳಿ ಕೂರಿಸುವವರು ಹತ್ತಿಯ ಬಟ್ಟೆ ತೊಡಿಸಿ, ಶಾಲು ತೆಗೆಸಿ, ಕೂದಲು ಕಟ್ಟಿಸಿ. ಸೀಮೆಎಣ್ಣೆಯ ಡಬ್ಬಿ ಕಂಡರೆ ಅಲ್ಲಿಂದ ಎಬ್ಬಿಸಿಕೊಂಡು ಬನ್ನಿ.

ಬೆಂಕಿ ಹೊತ್ತಿತು. ಕಲ್ಲು ತಂದ ಹುಡುಗ ಬಾಳೆ ಎಲೆಯಲ್ಲಿ ಸುತ್ತಿದ ಬಂಗುಡೆ ಹಿಡಿದು ಸಿದ್ಧನಾಗಿದ್ದ.

“ಅಕ್ಕ, ಇಡಲಾ?”

“ಈಗ ಇಟ್ಟರೆ ಎಲೆ ಕರಕಲು, ಮೀನು ಹಸಿ. ಉರಿ ಇಳಿಯಲಿ ಮಾರಾಯ. ಅದನ್ನು ವಾಪಸು ಐಸಿಗೆ ಹಾಕು.”

“ಎಷ್ಟು ಹೊತ್ತು?”

“ಕೆಂಡದ ಮೇಲೆ ಬೂದಿ ಬೆಳ್ಳಗೆ ಕೂರುವಷ್ಟು.”

ಅವನು ಸ್ವಲ್ಪ ಸುಮ್ಮನಿದ್ದು, “ಮನೆಯಲ್ಲಿ ನನ್ನನ್ನು ಗ್ಯಾಸ್ ಹತ್ತಿರ ಬಿಡುವುದಿಲ್ಲ” ಎಂದ.

“ಯಾಕೆ?”

“ಸುಟ್ಟುಕೊಳ್ಳುತ್ತೀ ಅಂತ. ನನ್ನ ಸ್ವಂತ ಅಕ್ಕನಿಗೆ ಮಾತ್ರ ಕಲಿಸುತ್ತಾರೆ.”

“ಅವಳ ಕೈ ಸುಡುವುದಿಲ್ಲವಾ?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಅಕ್ಕ ಅವನ ಕೈಗೆ ಉದ್ದ ಇಕ್ಕುಳ ಕೊಟ್ಟು, ಗಾಳಿಗೆ ಬೆನ್ನು ಮಾಡಿ ಎಲ್ಲಿ ಕೂರಬೇಕು, ಕೆಂಡವನ್ನು ಹೇಗೆ ಹರಡಬೇಕು ಎಂದು ತೋರಿಸಿದರು. ಮುಂದೆ ಆ ಒಲೆ ಅವನದೇ ಆಯಿತು. ಗಂಡುಮಕ್ಕಳಿಗೆ ಅಡುಗೆ ಕಲಿಸುವ ಬಗ್ಗೆ ನಾನು ಕೇಳಿದ ಭಾಷಣಗಳಿಗಿಂತ ಆ ಇಕ್ಕುಳ ನನಗೆ ಹೆಚ್ಚು ಇಷ್ಟವಾಯಿತು.

ಐಸಿನ ವಿಷಯಕ್ಕೂ ಅರ್ಥವಿತ್ತು. ಬಂಗುಡೆ ಸೆಕೆಯಲ್ಲಿ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು, ವಾಂತಿ. ಮೀನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಮಕ್ಕಳು ಸೊಪ್ಪು ಮುಟ್ಟಬೇಕಿತ್ತು, ಕತ್ತಿಯೂ ಬೇರೆ.

ಇನ್ನೊಂದು ಒಲೆಯ ಪಾತ್ರೆಗೆ ಹೊರಗಿನಿಂದ ಕೆಸರು ಬಳಿದಿದ್ದರು. ಮಸಿ ಕೆಸರಿಗೇ ಹಿಡಿಯುತ್ತದೆ, ಆಮೇಲೆ ತೊಳೆಯುವುದು ಸುಲಭ. ಒಳಗೆ ರಾತ್ರಿಯೇ ನೆನೆಸಿದ ಕುಚ್ಚಲಕ್ಕಿ, ಹೆಸರುಕಾಳು. ಮುಚ್ಚಳ ತೆಗೆಯಲು ಹೋದ ಹುಡುಗಿಯ ಬೆರಳಿಗೆ ಹಬೆ ಬಡಿಯಿತು. ಯಾರೋ ಟೂತ್‌ಪೇಸ್ಟ್ ತರಲು ಎದ್ದರು. ಅಕ್ಕ ತಡೆದು, ತೋಟದ ನಳ್ಳಿಯ ಕೆಳಗೆ 20 ನಿಮಿಷ ಬೆರಳು ಹಿಡಿಸಿದರು. ಪೇಸ್ಟೂ ಬೇಡ, ಐಸೂ ಬೇಡ. ಬೆರಳಿನಲ್ಲಿ ಬೊಬ್ಬೆ ಏಳಲಿಲ್ಲ.

ಊಟಕ್ಕೆ ಹೆಸರು ಗಂಜಿ, ತಿಮರೆ (ಒಂದೆಲಗ) ಚಟ್ನಿ, ನುಗ್ಗೆಸೊಪ್ಪಿನ ಪಲ್ಯ, ಮೀನು ತಿನ್ನುವವರಿಗೆ ಅರಶಿನ, ಕಾಳುಮೆಣಸು ಸವರಿದ ಬಂಗುಡೆ. ಮುಳ್ಳಿನಿಂದ ಮಾಂಸ ತಾನಾಗಿ ಬಿಟ್ಟರೆ ಬೆಂದಂತೆ. ಬಣ್ಣ ಬಳಿದ ಬಾರ್ಬೆಕ್ಯೂ ತುಂಡುಗಳಿಗೆ ಈ ರುಚಿ ಬರುವುದಿಲ್ಲ. ನೂಡಲ್ಸ್ ಪೊಟ್ಟಣ ತಂದಿದ್ದ ಮಕ್ಕಳು ಗಂಜಿಯನ್ನು ಎರಡನೆಯ ಸಲ ಬಡಿಸಿಕೊಂಡರು.

ಕೊನೆಗೆ ಕೆಂಡಕ್ಕೆ ನೀರು ಹಾಕಿ, ಕೋಲಿನಿಂದ ಕಲಸಿ, ಮತ್ತೆ ನೀರು ಹಾಕಿ, ಬಿಸಿ ಆರಿದೆಯೇ ಎಂದು ಬೂದಿಯ ಮೇಲೆ ಅಂಗೈಯ ಹಿಂಬದಿ ಹಿಡಿದು ನೋಡಿದ್ದು ಅದೇ ಹುಡುಗ. ಆಗುಂಬೆ ಕಡೆಗೆ ಚಾರಣ ಹೋದಾಗಲೂ ಹೀಗೇ ಮಾಡೋಣ ಎಂದ.

“ಕಾಡಿನೊಳಗೆ ಬೆಂಕಿ ಹಾಕುವುದು ಅಪರಾಧ” ಎಂದರು ಅಕ್ಕ. “ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು ಕಟ್ಟಿಕೊಂಡು ಹೋಗಿ.”

ತೆಂಗಿನಕಾಯಿ ಯಾರ ಮನೆಯಿಂದ, ಬೆಲ್ಲ ಯಾರ ಮನೆಯಿಂದ ಎಂದು ಮಕ್ಕಳು ಅಲ್ಲಿಯೇ ಚರ್ಚೆಗೆ ಕುಳಿತರು.